ಅತ್ತೆ ಜೋಡಿಸಿದ ಕಂಡೆನ್ಸರು

ಸುಟ್ಟ ಕಂಡೆನ್ಸರಿನ ವಾಸನೆ ಮೂಗಿಗೆ ಬಡಿದರೆ ಈಗಲೂ ಹಲ್ಲು ಕಡಿಯುತ್ತೇನೆ.

ತ್ಯಾಮಗೊಂಡ್ಲಿನ ನಮ್ಮ ತೋಟದ ಬಾವಿಗೆ ಆಗಷ್ಟೇ ಕರೆಂಟು ಮೋಟರು ಬಂದಿತ್ತು. ಅದಕ್ಕೆ ಎರಡು ಕಂಡೆನ್ಸರು: ಒಂದು ಶುರುವಿನಲ್ಲಿ ಮೋಟರನ್ನು ನೂಕಿಕೊಟ್ಟು ಕಳಚಿಕೊಳ್ಳುವುದು, ಇನ್ನೊಂದು ಓಡುವಷ್ಟು ಹೊತ್ತೂ ಇರುವುದು. ರಿಪೇರಿಗೆ ಬಂದ ಫಿಟ್ಟರು ಎರಡನ್ನೂ ಅದಲುಬದಲು ಜೋಡಿಸುತ್ತಿದ್ದ.

"ಅಣ್ಣಾ, ಅದು ಶುರುವಿಂದು, ಈ ಕಡೀಕೆ ಬರ್ಬೇಕು," ಎಂದಳು ಸೋದರತ್ತೆ. ಮೋಟರು ಕೂರಿಸಿದ ದಿನ ಅವಳು ಪಕ್ಕದಲ್ಲೇ ನಿಂತು ನೋಡಿದ್ದಳು.

"ಮುಸುರೆ ತಿಕ್ಕೋರು ನಂಗೆ ಯೋಳ್ಕೊಡ್ತೀರಾ?" ಎಂದ ಫಿಟ್ಟರು.

"ಒಳಕ್ಕೋಗಮ್ಮಿ!" ತಾತ ಅತ್ತೆಯನ್ನು ಗದರಿದರು.

ಸ್ವಿಚ್ಚು ಹಾಕಿದ ಸ್ವಲ್ಪ ಹೊತ್ತಿಗೆ ಶುರುವಿನ ಕಂಡೆನ್ಸರು ಢಮ್ಮೆಂದು ಸಿಡಿಯಿತು.

"ಹೆಂಗಸ್ರ ಕಣ್ಣು ಬಿತ್ತು," ಎಂದ ಫಿಟ್ಟರು.

ಅತ್ತೆ ಮುಂದೆ ಬಂದು ಸ್ವಿಚ್ಚು ಆರಿಸಿ, ಅವನ ಚೀಲದಿಂದ ಹೊಸದನ್ನು ತೆಗೆದು, ಎರಡನ್ನೂ ಸರಿಯಾದ ತಂತಿಗೆ ಜೋಡಿಸಿದಳು. ಮತ್ತೆ ಸ್ವಿಚ್ಚು ಹಾಕಿದೊಡನೆ ಮೋಟರು ಗುಂಯ್ಗುಟ್ಟಿತು, ತೊಟ್ಟಿಗೆ ನೀರು ಧುಮುಕಿತು.

"ಫಿಟ್ಟರಪ್ಪಂಗೆ ಮಜ್ಜಿಗೆ ಕೊಡಮ್ಮಿ, ಪಾಪ ದಣಿದವ್ರೆ," ಎಂದರು ತಾತ ನನಗೆ.

ಚೆಂಬು ತಂದು, ಫಿಟ್ಟರನ್ನು ದಾಟಿ ಹೋಗಿ, ಅತ್ತೆಯ ಕೈಗೆ ಕೊಟ್ಟೆ. ತಾತನ ಕಣ್ಣು ಕೆಂಪಾಯಿತು. ನಾನು ತಲೆ ತಗ್ಗಿಸಲಿಲ್ಲ. ಅತ್ತೆ ಅವರಿಬ್ಬರ ಮುಂದೆಯೇ ನಿಂತು ಒಂದೇ ಉಸಿರಿಗೆ ಕುಡಿದಳು.