ಎಂಟು ಬಿಟ್ಟಿನ ಬಸ್ಸು

"8086ಕ್ಕೂ 8088ಕ್ಕೂ ಏನಮ್ಮ ವ್ಯತ್ಯಾಸ?" ಎಂದು ಮೈಕ್ರೊಪ್ರೊಸೆಸರ್ ಕ್ಲಾಸಿನಲ್ಲಿ ಲೋಕೇಶ್ ಸರ್ ಕೇಳಿದಾಗ ಪ್ರಣತಿಗೆ ಉತ್ತರ ಗೊತ್ತಿತ್ತು. ಎದ್ದು ನಿಂತಳು. "ಡೇ... ಡೇಟಾ ಬಸ್ಸು ಸರ್. ಮೊದಲ್ನೇದಕ್ಕೆ ಹದಿನಾರು ಬಿಟ್, ಎರಡನೇದಕ್ಕೆ ಎ... ಎ..." ಎಂದು ಎಂಟರ ಹತ್ತಿರ ತೊದಲಿ ನಿಂತುಬಿಟ್ಟಳು.

ಸರ್ ಮುಖ ಅರಳಿತು. "ಸಾಕು ಮಾರಾಯ್ತಿ, ನೀನೇ ಉದಾಹರಣೆ!" ಎಂದವರೇ ಅವಳ ಅವಳಿ ತಂಗಿಯನ್ನೂ ಎಬ್ಬಿಸಿ ಪಕ್ಕದಲ್ಲಿ ನಿಲ್ಲಿಸಿದರು. "ನೋಡಿ, ಹರ್ಷಿತಾ 8086, ಪ್ರಣತಿ 8088. ತಲೆಯೊಳಗೆ ಇಬ್ರದ್ದೂ ಹದಿನಾರೇ. ಆದ್ರೆ ಪ್ರಣತಿಗೆ ಹೊರಗೆ ಬರೋ ದಾರಿ ಅರ್ಧ. ಅವಳು ಒಂದೇ ಸಲಕ್ಕೆ ಹೇಳೋದನ್ನ ಇವಳು ಎರಡು ಸಲಕ್ಕೆ ಹೇಳ್ಬೇಕು. ಇನ್ನು ಪರೀಕ್ಷೇಲಿ ಯಾರೂ ಮರೆಯಲ್ಲ, ಅಲ್ವಾ?" ತರಗತಿ ಬೆಂಚು ಕುಟ್ಟಿ ನಕ್ಕಿತು. ಹರ್ಷಿತಾ ನಗಲಿಲ್ಲ. ಪ್ರಣತಿಗೆ ಅಷ್ಟೇ ಸಾಕಾಗಿತ್ತು.

ಸಂಜೆ ಮೂಡಿಗೆರೆಯಿಂದ ಹೊರಟ ಬಸ್ಸಿನಲ್ಲಿ ಅಕ್ಕತಂಗಿಯರ ಹಿಂದೆ ಅದೇ ತರಗತಿಯವರು ಕೂತಿದ್ದರು. ಜೊತೆಗಿದ್ದ ಬೇರೆ ಸೆಕ್ಷನ್ನಿನ ಹುಡುಗಿಯೊಬ್ಬಳು, "ಇವರಲ್ಲಿ ಎಂಟು ಬಿಟ್ ಯಾವ್ದೇ?" ಎಂದು ಗಟ್ಟಿಯಾಗಿಯೇ ಕೇಳಿದಳು. ಮುಖ ನೋಡಿ ಹೇಳಲು ಯಾರಿಂದಲೂ ಆಗಲಿಲ್ಲ.

ಅಷ್ಟರಲ್ಲಿ ಕಂಡಕ್ಟರ್ ಬಂದ. ಅವರ ಊರು ಜಾವಳಿ; ಪ್ರಣತಿಗೆ 'ಜ' ಹೊರಡುವುದೇ ಕಷ್ಟ. ಹೈಸ್ಕೂಲಿನಿಂದಲೂ "ಎರಡು ಜಾವಳಿ" ಎನ್ನುತ್ತಿದ್ದವಳು ಹರ್ಷಿತಾಳೇ.

ಹರ್ಷಿತಾ ಒಮ್ಮೆ ಹಿಂದಿನ ಸೀಟಿನತ್ತ ನೋಡಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ ಬಿಡಿಸಿ ಹೇಳಿದಳು: "ಒಂದು ಜಾವಳಿ."

ಕಂಡಕ್ಟರ್ ಪ್ರಣತಿಯ ಕಡೆ ತಿರುಗಿದ. "ನಿಮ್ಗೆಲ್ಲಿಗಮ್ಮ?"

ಇಡೀ ಬಸ್ಸು ಮಾತು ನಿಲ್ಲಿಸಿ ಕಾಯತೊಡಗಿತು.