ಹಾರ್ಮ್‌ನ ಪೂರ್ತಿ ಹೆಸರು

"ನಿಲ್ಲಿಸಮ್ಮ!" ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕಿ ಎದ್ದು ನಿಂತಳು. "ಹಾರ್ಮ್ ಆರ್. ಅಂದ್ರೆ ಯಾರು? ನಮ್ಮಣ್ಣನಿಗೆ ಹೆತ್ತವರು ಪೂರ್ತಿ ಹೆಸರು ಇಟ್ಟಿರಲಿಲ್ವಾ?"

ಮೈಕಿನ ಮುಂದೆ ಹೆಸರುಗಳನ್ನು ಓದುತ್ತಿದ್ದ ಹಿಲ್ಕಾ ತಬ್ಬಿಬ್ಬಾದಳು. ಪಟ್ಟಿಯಲ್ಲಿ ಮನೆತನದ ಹೆಸರಿನ ಬದಲು ಮೊದಲಕ್ಷರವಷ್ಟೇ ಇತ್ತು. ನಾಜಿಗಳ ಕಾಲದಲ್ಲಿ ಈ ಮಾನಸಿಕ ಆಸ್ಪತ್ರೆಯ ರೋಗಿಗಳನ್ನು ಬಸ್ಸಿಗೆ ತುಂಬಿ ಕೊಲ್ಲಲು ಸಾಗಿಸಿದ್ದರು. ಈಗ ಆಸ್ಪತ್ರೆಯವರು ಅವರ ನೆನಪಿಗೆ ತೋಟದಲ್ಲಿ ಕಲ್ಲು ನೆಟ್ಟಿದ್ದರು. ಸತ್ತವರ ಹೆಸರುಗಳನ್ನು ಈಗಿನ ರೋಗಿಯೊಬ್ಬರೇ ಓದಬೇಕೆಂಬುದು ಡಾಕ್ಟರ್ ಲೋರೆಂಟ್ಸರ ಆಸೆ. ಹಿಲ್ಕಾ ಒಪ್ಪಿದ್ದಳು, ಆದರೆ ತನ್ನ ಹೆಸರು ಎಲ್ಲೂ ಬರಬಾರದೆಂದು ಮೊದಲೇ ಹೇಳಿದ್ದಳು. ಅವಳು ದೂರದ ಊರಿನಲ್ಲಿ ಮಕ್ಕಳಿಗೆ ಈಜು ಕಲಿಸುವವಳು. ಬೆನ್ನುನೋವಿಗೆ ಚಿಕಿತ್ಸೆ ಎಂದು ಅಲ್ಲಿ ಎಲ್ಲರಿಗೂ ಹೇಳಿ ಬಂದಿದ್ದಳು. ಮನಸ್ಸು ಕುಗ್ಗಿ ವಾರಗಟ್ಟಲೆ ಹಾಸಿಗೆಯಿಂದ ಏಳಲಾಗದೆ ಬಿದ್ದಿದ್ದೆ ಎಂದರೆ ಯಾವ ತಾಯಿ ತಾನೇ ಮಗುವನ್ನು ಅವಳ ಜೊತೆ ನೀರಿಗೆ ಇಳಿಸಿಯಾಳು? ಈಗ ನೋಡಿದರೆ ರೇಡಿಯೊದವನೊಬ್ಬ ಬೇರೆ ಎಲ್ಲವನ್ನೂ ಧ್ವನಿಮುದ್ರಿಸಿಕೊಳ್ಳುತ್ತಿದ್ದ.

ಡಾಕ್ಟರ್ ಲೋರೆಂಟ್ಸ್ ಮುದುಕಿಯ ಹತ್ತಿರ ಬಂದು ಮೆಲ್ಲಗೆ ಹೇಳಿದರು. "ಗೆಜೀನೆ ಅಮ್ಮಾ, ಇದು ಕಾನೂನು. ರೋಗಿ ಸತ್ತ ಮೇಲೂ ಅವರ ಗುಟ್ಟು ನಾವು ಕಾಯಬೇಕು. ಮನೆಯವರಿಗೆ ನಾಳೆ ತೊಂದರೆ ಆಗಬಾರದಲ್ಲ."

"ಮನೆಯವರು ಅಂದ್ರೆ ಈಗ ನಾನೊಬ್ಬಳೇ. ನನಗೇನು ತೊಂದರೆ?" ಗೆಜೀನೆ ಕೋಲೆತ್ತಿ ಹಳೇ ಕಟ್ಟಡದ ಕಡೆ ತೋರಿಸಿದಳು. "ಅವನನ್ನ ಬಸ್ಸು ಹತ್ತಿಸಿದ ಡಾಕ್ಟರನ ಪಟ ಅಲ್ಲಿ ವರಾಂಡದಲ್ಲಿದೆ. ಕೆಳಗೆ ಪೂರ್ತಿ ಹೆಸರು, ಪದವಿ, ಎಲ್ಲಾ ಬರ್ಸಿದ್ದೀರಿ. ಕೊಂದೋನಿಗೆ ಅಷ್ಟುದ್ದದ ಹೆಸರು, ಸತ್ತೋನಿಗೆ ಒಂದಕ್ಷರವಾ ಡಾಕ್ಟ್ರೇ?"

ಡಾಕ್ಟರರ ಕಿವಿ ಕೆಂಪಾಯಿತು. ಅವರು ಬಾಯಿ ತೆರೆಯುವ ಮೊದಲೇ ಹಿಲ್ಕಾ ಮೈಕಿನಲ್ಲೇ ಕೇಳಿಬಿಟ್ಟಳು. "ಹೇಗಿದ್ರು ಅಮ್ಮ, ನಿಮ್ಮಣ್ಣ?"

"ಮೂರ್ಛೆ ಬರ್ತಿತ್ತು. ಅದೊಂದು ಬಿಟ್ರೆ ಮಹಾ ತುಂಟ. ಪಕ್ಕದ ಮನೆಯವರ ಚೆರ್ರಿ ಮರ ಹತ್ತಿ ಕೂತು, ಬೀಜ ಎಲ್ಲಾ ನನ್ನ ತಲೆ ಮೇಲೆ ಉಗೀತಿದ್ದ." ಕುರ್ಚಿಗಳ ನಡುವೆ ನಗೆ ಹರಿದಾಡಿತು. ಮುದುಕಿಯೂ ನಕ್ಕಳು, ಆಮೇಲೆ ಕೋಲೂರಿ ನೆಟ್ಟಗೆ ನಿಂತಳು. "ನ್ಯುಮೋನಿಯಾ ಆಗಿ ಹೋದ ಅಂತ ಸುಳ್ಳು ಸುದ್ದಿ ಕಳಿಸಿದ್ರು. ಅವತ್ತಿಂದ ಅಮ್ಮ ಮನೇಲಿ ಅವನ ಹೆಸರೆತ್ತಲಿಲ್ಲ. ನಮ್ಮಕ್ಕಂದಿರ ಮದುವೆ ಆಗಬೇಕಿತ್ತು ನೋಡು. ರೆಂಕೆನ್. ಹಾರ್ಮ್ ರೆಂಕೆನ್ ಅವನು."

ಹಿಲ್ಕಾ ಡಾಕ್ಟರರತ್ತ ನೋಡಿದಳು. ಅವರು ಒಪ್ಪಿ ತಲೆಯಾಡಿಸಿದರು. "ಓದಮ್ಮ. ಕಾನೂನಿಗೆ ನಾನು ಉತ್ತರ ಹೇಳ್ಕೋತೀನಿ. ಆ ಪಟ ತೆಗೆಸೋದೂ ನನ್ನ ಜವಾಬ್ದಾರಿ."

"ಹಾರ್ಮ್ ರೆಂಕೆನ್," ಹಿಲ್ಕಾ ಓದಿದಳು. "ಹತ್ತೊಂಬತ್ತು ವರ್ಷ. ಚೆರ್ರಿ ಮರ ಹತ್ತುತ್ತಿದ್ದ ಹುಡುಗ." ಹಿಂದಿನಿಂದ ಒಬ್ಬ ಗಂಡಸು ಎದ್ದು, ತನ್ನ ದೊಡ್ಡಮ್ಮನ ಹೆಸರನ್ನೂ ಪೂರ್ತಿ ಓದಿ ಎಂದ. ಆಮೇಲೆ ಇನ್ನೊಬ್ಬರು. ಮನೆಯವರು ಯಾರೂ ಬಾರದವರ ಹೆಸರು ಬಂದಾಗ ಡಾಕ್ಟರರೇ ಪಕ್ಕದಲ್ಲಿ ನಿಂತು, ಬಿಟ್ಟುಹೋದ ಭಾಗವನ್ನು ನೆನಪಿನಿಂದ ಹೇಳಿಕೊಟ್ಟರು. ಅವರಿಗೆ ಎಲ್ಲವೂ ಬಾಯಿಪಾಠವಾಗಿತ್ತು. ಓದುತ್ತ ಓದುತ್ತ ಹಿಲ್ಕಾಳ ಧ್ವನಿಯ ನಡುಕ ಎಲ್ಲೋ ನಿಂತುಹೋಯಿತು.

ಮುಗಿದ ಮೇಲೆ ಅವಳು ವೇದಿಕೆಯಿಂದ ಕೆಳಗಿಳಿಯಲು ಹೊರಟಳು. ಗೆಜೀನೆ ಅಡ್ಡ ಬಂದು ಅವಳ ಕೈ ಹಿಡಿದುಕೊಂಡಳು.

"ಚೆನ್ನಾಗಿ ಓದಿದೆ ಕಣಮ್ಮಾ. ನೀನು ಯಾರ ಮಗಳು? ಹೆಸರೇನು?"

ರೇಡಿಯೊದವನ ಯಂತ್ರದ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಡಾಕ್ಟರ್ ಲೋರೆಂಟ್ಸ್ ಅದನ್ನು ನಿಲ್ಲಿಸುವಂತೆ ಅವಸರದಲ್ಲಿ ಕೈಸನ್ನೆ ಮಾಡಿದರು. ಹಿಲ್ಕಾ ನಿಲ್ಲಿಸುವುದು ಬೇಡವೆಂದು ತಲೆಯಲ್ಲಾಡಿಸಿದಳು. ಮಾತು ತಡವರಿಸಲಿಲ್ಲ.

"ಹಿಲ್ಕಾ ಬೋಕ್‌ಹೋಫ್. ಇಲ್ಲೇ ನಾಲ್ಕನೇ ವಾರ್ಡಿನಲ್ಲಿದ್ದೀನಿ."

ಮುದುಕಿ ಕಿವಿಗೆ ಅಂಗೈ ಒಡ್ಡಿದಳು. "ಗಟ್ಟಿಯಾಗಿ ಹೇಳು ಮಗಳೇ, ಹಿಂದಿನವರಿಗೂ ಕೇಳಲಿ."

ಹಿಲ್ಕಾ ಮತ್ತೆ ಮೈಕಿನ ಬಳಿ ಹೋಗಿ ತನ್ನ ಪೂರ್ತಿ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಗೇಟಿನಾಚೆ ಸೈಕಲ್ಲಿನಲ್ಲಿ ಹೋಗುತ್ತಿದ್ದವನೊಬ್ಬ ಯಾರೋ ತನ್ನನ್ನೇ ಕರೆದರೆಂದುಕೊಂಡು ಬ್ರೇಕು ಹಾಕಿ ನಿಂತ.