ಯುಗಾದಿ ಆಗ್ಲಿ, ನೋಡಣ

ನಮ್ಮ ಮುರಳಿ ಬೇಕಿದ್ದರೆ ನಿಮ್ಮ ಸುನಿಲ್‌ಕುಮಾರನನ್ನು ಬಿಟ್ಟುಕೊಡಿ ಎಂದು ದೀಪಾವಳಿಯ ದಿನ ಆವತಿ ತಂಡದ ಕೊಂಡಪ್ಪ ಫೋನಿನಲ್ಲಿ ಹೇಳಿದಾಗ ಗೋಪಾಲಪ್ಪ ನಕ್ಕುಬಿಟ್ಟರು. ದೊಡ್ಡಬಳ್ಳಾಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದ ಅವರು ಊರಿನ ಬ್ಯಾಸ್ಕೆಟ್‌ಬಾಲ್ ಕ್ಲಬ್ಬಿಗೆ ಅಧ್ಯಕ್ಷರು. ಸುತ್ತಲಿನ ತಂಡಗಳೆಲ್ಲ ಸೇರಿ ಮಾಡಿಕೊಂಡ ಕಟ್ಟಳೆ ಅವರಿಗೆ ಬಾಯಿಪಾಠ. ಒಂದು ತಂಡಕ್ಕೆ ಸಹಿ ಹಾಕಿದವನು ಯುಗಾದಿಯವರೆಗೆ ಅಲ್ಲೇ ಆಡಬೇಕು. ನಡುವೆ ಬೇಕೆಂದರೆ ಎರಡು ತಂಡಗಳೂ ಒಪ್ಪಿ ಆಟಗಾರರನ್ನು ಅದಲುಬದಲು ಮಾಡಿಕೊಳ್ಳಬಹುದು. ಯುಗಾದಿ ಕಳೆದರೆ ಅವನಿಗೆ ಯಾರ ಹಂಗೂ ಇಲ್ಲ, ಇಷ್ಟ ಬಂದ ಕಡೆ ಹೋಗಬಹುದು.

ಕ್ಯಾಪ್ಟನ್ ಬೈರೇಶ್‌ಗೆ ಅಷ್ಟು ದಿನ ಕಾಯುವ ಮನಸ್ಸಿರಲಿಲ್ಲ. ಸಂಕ್ರಾಂತಿ ಕಳೆಯುತ್ತಲೇ ಟೂರ್ನಮೆಂಟು. ಮುರಳಿಯೋ, ನಿಂತಲ್ಲೇ ಕೈಯೆತ್ತಿದರೆ ಬುಟ್ಟಿಗೆ ತಾಗುವಂಥ ಆಳು. ಅವನೊಬ್ಬ ಬಂದರೆ ಕಪ್ ಗೆದ್ದಂತೆಯೇ. ಸುನಿಲನನ್ನು ಕೊಟ್ಟಾದರೂ ಈಗಲೇ ತಂದುಬಿಡೋಣ ಎಂದು ಅವನು ಅಂಗಡಿಯ ಮುಂದೆ ನಿಂತು ವಾದಿಸಿದ.

“ಬೇಯೋ ತನಕ ಇದ್ದೋನಿಗೆ ಆರೋ ತನಕ ಇರಕ್ಕಾಗಲ್ವೇನೋ?” ಎಂದರು ಗೋಪಾಲಪ್ಪ. “ಯುಗಾದಿಗೆ ಅವನಾಗೇ ಬರ್ತಾನೆ. ಸುನಿಲನೂ ನಮ್ಮತ್ರಾನೇ ಇರ್ತಾನೆ. ಸುಮ್ನೆ ಬರೋನಿಗೆ ಕೈಲಿರೋನ್ನ ಯಾಕಪ್ಪಾ ಕೊಡ್ಬೇಕು?”

ಬೈರೇಶ್ ಗೊಣಗುತ್ತ ಅಂಕಣದ ಕಡೆ ಹೊರಟ.

ಸುಮ್ಮನೆ ಬರುವವನನ್ನು ಸುಮ್ಮನೆ ಬಿಡುವಂತಿರಲಿಲ್ಲ. ಸೋಂಪುರದ ಒಂದು ಫ್ಯಾಕ್ಟರಿಯ ತಂಡವೂ ಮುರಳಿಯ ಮೇಲೆ ಕಣ್ಣಿಟ್ಟಿತ್ತು. ಹಾಗಾಗಿ ಗೋಪಾಲಪ್ಪ ಆವತಿಗೆ ಹೋಗಿ ಬರುವುದನ್ನು ರೂಢಿ ಮಾಡಿಕೊಂಡರು. ಮುರಳಿಯ ತಂಗಿಯ ಸೀಮಂತದಲ್ಲಿ ಮುಂದಿನ ಸಾಲಿನಲ್ಲಿ ಕುಳಿತರು. ಅವನ ತಂದೆಯ ಕಣ್ಣಿನ ಆಪರೇಷನ್ನಿಗೆ ತಮ್ಮ ಕಾರಿನಲ್ಲೇ ಕರೆದುಕೊಂಡು ಹೋದರು. ಹಸು ಕರು ಹಾಕಿದೆಯೆಂದು ತಿಳಿದು ಅದನ್ನೂ ನೋಡಲು ಹೋದರೆ, ಫ್ಯಾಕ್ಟರಿ ತಂಡದ ಮ್ಯಾನೇಜರು ಆಗಲೇ ಕೊಟ್ಟಿಗೆಯಲ್ಲಿ ಕುಕ್ಕರಗಾಲಲ್ಲಿ ಕೂತು ಕರುವಿನ ಬೆನ್ನು ಸವರುತ್ತಿದ್ದರು. ಇಬ್ಬರೂ ಕರು ಬಹಳ ಲಕ್ಷಣವಾಗಿದೆ ಎಂದು ಒಪ್ಪಿಕೊಂಡರು. ಮುರಳಿ ಮಾತ್ರ ಯಾರು ಕೇಳಿದರೂ ಒಂದೇ ಮಾತು ಹೇಳುತ್ತಿದ್ದ: “ಯುಗಾದಿ ಆಗ್ಲಿ ಸಾರ್, ನೋಡಣ.”

ಇತ್ತ ಸುನಿಲ್‌ಕುಮಾರ್ ಬಟ್ಟೆ ಕಾರ್ಖಾನೆಯ ಪಾಳಿ ಮುಗಿಸಿ ದಿನವೂ ಸಂಜೆ ಅಂಕಣಕ್ಕೆ ಬರುತ್ತಿದ್ದ. ಕತ್ತಲಾಗುವ ತನಕ ಆಡಿ, ತೂಬಗೆರೆಯ ಬಸ್ಸು ಹಿಡಿದು ಮನೆಗೆ ಹೋಗುತ್ತಿದ್ದ. ದೂರದಿಂದ ಚೆಂಡು ಎಸೆಯುವುದರಲ್ಲಿ ಅವನ ಸಮಕ್ಕೆ ಇನ್ನೊಬ್ಬನಿರಲಿಲ್ಲ. ಮುರಳಿಯ ಬದಲಿಗೆ ಆವತಿಯವರು ತನ್ನನ್ನು ಕೇಳಿದ್ದ ವಿಷಯ ಹೇಗೋ ಅವನ ಕಿವಿಗೂ ಬಿದ್ದಿತ್ತು.

ಟೂರ್ನಮೆಂಟಿನ ಸೆಮಿಫೈನಲ್‌ನಲ್ಲಿ ಆವತಿಯೇ ಎದುರಾಯಿತು. ಸುನಿಲ್ ಎಸೆದದ್ದೆಲ್ಲ ಬುಟ್ಟಿಗೆ ಬಿತ್ತು. ಕೊನೆಯ ಗಳಿಗೆಯವರೆಗೂ ಎರಡು ತಂಡಗಳು ಸಮಸಮವಾಗಿದ್ದವು. ಆಗ ಮುರಳಿ ಎಲ್ಲರ ತಲೆಯ ಮೇಲಿಂದ ಹಾರಿ, ಎರಡೂ ಕೈಯಲ್ಲಿ ಚೆಂಡನ್ನು ಬುಟ್ಟಿಗೆ ತುರುಕಿ, ಅದರ ಬಳೆ ಹಿಡಿದು ಜೋತಾಡಿದ. ಆವತಿ ಗೆದ್ದಿತು. ದೊಡ್ಡಬಳ್ಳಾಪುರದವರ ಕಡೆ ಯಾರೂ ಉಸಿರೆತ್ತಲಿಲ್ಲ. ಒಬ್ಬರೇ ಒಬ್ಬರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು, ಗೋಪಾಲಪ್ಪ. ಬೈರೇಶ್ ಬಂದು ತೋಳು ಹಿಡಿದು ಕೂರಿಸಬೇಕಾಯಿತು. “ನಮ್ಮ ಹುಡುಗ ಕಣೋ, ಇನ್ನೆಷ್ಟು ದಿನ” ಎಂದರು ಅವರು, ನಾಚಿಕೆಯೇನೂ ಇಲ್ಲದೆ. ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದ ಸುನಿಲ್ ಅವರನ್ನೇ ನೋಡುತ್ತಿದ್ದ.

ಯುಗಾದಿ ಮುಗಿದು, ಹೊಸತೊಡಕಿನ ಮಾರನೆಯ ದಿನ ಮುರಳಿ ತಾನಾಗಿಯೇ ಅಂಗಡಿಗೆ ಬಂದು ಸಹಿ ಹಾಕಿದ. ಗೋಪಾಲಪ್ಪ ಅವನಿಗೆ ಶಾಲು ಹೊದಿಸಿ ಫೋಟೊ ತೆಗೆಸಿದರು. ಕಾದದ್ದು ಸಾರ್ಥಕವಾಯಿತು, ನೋಡು ಎಂದು ಹೇಳಲು ಬೈರೇಶ್‌ಗೆ ಫೋನು ಮಾಡಿದರು. ಅವನ ದನಿಯಲ್ಲಿ ಉತ್ಸಾಹವೇ ಇರಲಿಲ್ಲ. ಸುನಿಲ್ ಆ ಬೆಳಿಗ್ಗೆಯೇ ಆವತಿ ತಂಡಕ್ಕೆ ಸಹಿ ಹಾಕಿ ಬಂದಿದ್ದಾನೆ ಎಂದ.

“ಅದು ಹೆಂಗೋ ಆಗುತ್ತೆ?”

“ಯುಗಾದಿ ಅವನಿಗೂ ಬಂತಲ್ಲ ಸಾರ್.”

ಗೋಪಾಲಪ್ಪ ಫೋನಿಟ್ಟರು. ಕೊಂಡಪ್ಪ ದೀಪಾವಳಿಯಲ್ಲಿ ಕೇಳಿದ್ದ ಅದಲುಬದಲೇ ಈಗ ತಾನಾಗಿ ನಡೆದುಹೋಗಿತ್ತು. ಹೆಚ್ಚುವರಿಯಾಗಿ ಹೋದದ್ದು ಕಪ್ ಒಂದೇ. ಸಹಿ ಹಾಕಿದವನು ವಾರದೊಳಗೆ ಮನಸ್ಸು ಬದಲಿಸಬಹುದೆಂಬ ಸಣ್ಣದೊಂದು ನಿಯಮ ಅವರಿಗೆ ನೆನಪಾಯಿತು. ಅಂಗಡಿಯನ್ನು ಮುರಳಿಯ ಕೈಗೊಪ್ಪಿಸಿ ಕಾರು ಹತ್ತಿದರು.

ತೂಬಗೆರೆಯಲ್ಲಿ ಸುನಿಲನ ಮನೆ ಯಾವುದೆಂದು ಕೇಳುತ್ತ ಕೇಳುತ್ತ ಹೋಗಬೇಕಾಯಿತು. ಹುಡುಗ ಪಾಳಿಗೆ ಹೋಗಿದ್ದ. ಜಗಲಿಯಲ್ಲಿ ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ ಅವನ ತಾಯಿ ಅಕ್ಕಯಮ್ಮ ಕಣ್ಣು ಕಿರಿದಾಗಿಸಿ ಈ ಹೊಸಬರನ್ನು ನೋಡಿದರು. ಗೋಪಾಲಪ್ಪ ಚಪ್ಪಲಿ ಬಿಟ್ಟು ಕೈಮುಗಿದರು. ನಿಮ್ಮ ಮಗನ ಆಟದ ವಿಷಯವಾಗಿ ಮಾತಾಡಲು ಬಂದೆ ಎಂದರು.

ಅಕ್ಕಯಮ್ಮನ ಮುಖ ಅರಳಿತು. ಎದ್ದು ಚಾಪೆ ಕೊಡವಿ ಹಾಸಿದರು.

“ಓ, ಆವತಿಯೋರಾ? ಬನ್ನಿ ಸಾಮಿ, ಕೂತ್ಕಳಿ. ಮೊನ್ನೆ ಕೊಂಡಪ್ಪನೋರೂ ಬಂದಿದ್ರು, ಇಲ್ಲೇ ಮುದ್ದೆ ಉಂಡ್ಕೊಂಡು ಹೋದ್ರು. ಇಷ್ಟು ವರ್ಷ ದೊಡ್ಡಬಳ್ಳಾಪುರಕ್ಕೆ ಆಡಿದ ನಮ್ಮುಡುಗ, ಅಲ್ಲಿಂದ ಒಬ್ರಾದ್ರೂ ಈ ಬಾಗ್ಲಿಗೆ ಬರ್ಲಿಲ್ಲ ನೋಡಿ.”

ಗೋಪಾಲಪ್ಪ ಹೌದೆಂಬಂತೆ ತಲೆಯಾಡಿಸಿ, ಚಾಪೆಯ ಮೇಲೆ ಆವತಿಯವರಾಗಿಯೇ ಕುಳಿತರು.